ಪಾಠದ ಕುರ್ಚಿ

ಗರ್ರೆಂದು ಓಡುತ್ತಿದ್ದ ಹೊಲಿಗೆ ಯಂತ್ರಗಳು ಒಂದೊಂದಾಗಿ ಬಾಯಿ ಮುಚ್ಚಿದವು. ಕೊನೆಯದೊಂದು ಸ್ವಲ್ಪ ಹೊತ್ತು ಒಂಟಿಯಾಗಿ ಗೊಣಗಿ ನಿಂತಿತು. ಊಟದ ಬಿಡುವು. ಟೀಚರಕ್ಕನ ಎದೆ ಹೊಡೆದುಕೊಳ್ಳತೊಡಗಿತು.

ಇದೇ ಕಾರ್ಖಾನೆಯಲ್ಲಿ ಹೊಲಿದು ಹೊಲಿದು ಕಣ್ಣು ಸವೆಸಿಕೊಂಡವಳು ಅವಳು. ಸೂಜಿಯ ಮೊನೆ ಎರಡಾಗಿ ಕಾಣತೊಡಗಿದ ಮೇಲೆ, ಗಿರಾಕಿಗಳು ಕಳಿಸುವ ಇಂಗ್ಲಿಷ್ ಚೀಟಿಗಳು ಹೆಂಗಸರಿಗೆ ಅರ್ಥವಾಗುವಂತೆ ಕಲಿಸುವ ಕೆಲಸ ಸಿಕ್ಕಿತ್ತು. ಇವತ್ತು ಹೊಸ ಮ್ಯಾನೇಜರು ಪಾಠ ನೋಡಲು ಬರುತ್ತಾರೆ. ಅವರ ಮನಸ್ಸಿಗೆ ಬರದಿದ್ದರೆ ಈ ಪಾಠದ ಕೋಣೆ ಬಟ್ಟೆಯ ಗಂಟುಗಳಿಗೆ, ಅವಳು ಮನೆಗೆ.

ಟೀಚರಕ್ಕ ಅರ್ಥ ಹೇಳುವವಳಲ್ಲ, ಮಾಡಿಸುವವಳು. ಈ ವಾರ ಇಂಗ್ಲಿಷಿನ ‘ಟೇಕ್’ ಎಂಬ ಮಾತು. ಮೊದಲು ಕುರ್ಚಿಯಲ್ಲಿ ಕೂತು ಒಂದು ಟೇಕ್, ಲೋಟ ಎತ್ತಿಕೊಂಡು ಒಂದು, ಗುಳಿಗೆ ನುಂಗಿ ಇನ್ನೊಂದು, ಬಸ್ಸು ಹಿಡಿಯುವವರ ಹಾಗೆ ಬಾಗಿಲಿಗೆ ಓಡಿ ಮತ್ತೊಂದು. ನಿನ್ನೆ ಹಳೆಯ ಲಂಗವೊಂದರ ಸೊಂಟ ಹಿಡಿದು, ಚೀಟಿಯಲ್ಲಿ ಬರುವ ‘ಟೇಕ್ ಇನ್’ ಎಂದರೆ ಹೀಗೆ ಒಳಗೆ ಹಿಡಿಯುವುದು ಎಂದು ತೋರಿಸಿದ್ದಳು.

“ಒಂದು ಮಾತಿಗೆ ಇಷ್ಟೊಂದು ಸಂಸಾರಾನಾ ಟೀಚರಕ್ಕ? ನಂಗೆ ಇರೋ ಒಂದನ್ನೇ ಸಂಭಾಳಿಸೋಕಾಗ್ತಿಲ್ಲ” ಎಂದು ಗುಂಡಿ ಹೊಲಿಯುವ ಗುಂಡಿಯಕ್ಕ ಎಲ್ಲರನ್ನೂ ನಗಿಸಿದ್ದಳು.

ಮ್ಯಾನೇಜರು ಬಂದರು. ದೊಗಲೆ ಕೋಟು. ಸೀದಾ ಹೋಗಿ ಮುಂದಿದ್ದ ಒಂದೇ ಒಂದು ಕುರ್ಚಿಯಲ್ಲಿ ಕೂತರು.

“ಶುರು ಮಾಡಿ.”

ಯಾರೂ ಅಲುಗಾಡಲಿಲ್ಲ. ಕುರ್ಚಿಯಿಲ್ಲದೆ ಪಾಠ ಎಂದೂ ಶುರುವಾದದ್ದಿಲ್ಲ. ಟೀಚರಕ್ಕ ಕಣ್ಣಲ್ಲೇ ಗುಂಡಿಯಕ್ಕನನ್ನು ಎಬ್ಬಿಸಿದಳು. ಗುಂಡಿಯಕ್ಕ ಎದ್ದಳು, ಬಾಯಿ ತೆರೆದಳು, ಕುರ್ಚಿ ನೋಡಿದಳು, ಬಾಯಿ ಮುಚ್ಚಿದಳು.

“ಏನಮ್ಮ, ನಾಲಿಗೇನ ಮನೇಲೇ ಬಿಟ್ಟು ಬಂದ್ಯಾ?”

“ಸಾರ್, ನೀವು ಕೂತಿರೋದು ನಮ್ಮ ಪಾಠದ ಕುರ್ಚಿ” ಎಂದಳು ಟೀಚರಕ್ಕ.

ಅವರು ಎದ್ದರು, ನಗಲಿಲ್ಲ. ಕುರ್ಚಿ ಖಾಲಿಯಾಯಿತು, ಗುಂಡಿಯಕ್ಕನ ಮಾತು ಪಟಪಟ ಬಂತು. ಕೂತದ್ದು, ಎತ್ತಿದ್ದು, ನುಂಗಿದ್ದು, ಓಡಿದ್ದು ಎಲ್ಲವೂ.

“ಹೊರಗೆ ಯಂತ್ರದ ಮುಂದೆ ಕೂತಾಗ ಈ ಕುರ್ಚೀನ ತಲೆ ಮೇಲೆ ಹೊತ್ಕೊಂಡು ಹೋಗ್ತಾರಾ?” ಎಂದರು ಮ್ಯಾನೇಜರು. “ಇದು ಭಾಷೆಯಲ್ಲಮ್ಮ, ಕವಾಯತು.”

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಈ ನಾಲ್ಕು ಗೋಡೆಯ ಆಚೆ ಈ ಹೆಂಗಸರ ಬಾಯಲ್ಲಿ ಆ ಮಾತು ಬಂದದ್ದನ್ನು ಟೀಚರಕ್ಕ ಎಂದೂ ಕೇಳಿರಲಿಲ್ಲ.

ಆಗ ಗುಂಡಿಯಕ್ಕ, ಮ್ಯಾನೇಜರ ಸೊಂಟದ ಸುತ್ತ ಜೋಲುತ್ತಿದ್ದ ಕೋಟನ್ನೇ ನೋಡುತ್ತ, ತನ್ನಷ್ಟಕ್ಕೆ ಗೊಣಗಿದಳು: “ಟೇಕ್ ಇನ್.”



“ಏನಂದ್ಲು?”

“ಕೋಟು ಸಡಿಲ ಇದೆ, ಸೊಂಟದಲ್ಲಿ ಒಳಗೆ ಹಿಡೀಬೇಕು ಅಂದ್ಲು ಸಾರ್” ಎಂದಳು ಟೀಚರಕ್ಕ.

ಹಿಂದೆ ಯಾರೋ ಸೆರಗು ಬಾಯಿಗಿಟ್ಟು ಕಿಸಕ್ಕೆಂದರು. ಕುರ್ಚಿ ಮುಟ್ಟಿಲ್ಲ, ಲಂಗ ಹಿಡಿದಿಲ್ಲ, ಯಾರೂ ಕೇಳಿಯೂ ಇಲ್ಲ. ಆದರೂ ಮಾತು ತಾನೇ ನಡೆದು ಬಂದಿತ್ತು. ಟೀಚರಕ್ಕನ ಎದೆಬಡಿತ ನಿಂತಿರಲಿಲ್ಲ; ಆದರೆ ಅದೀಗ ಬರೀ ಹೆದರಿಕೆಯಾಗಿ ಉಳಿದಿರಲಿಲ್ಲ.

“ಅದಿರ್ಲಿ” ಎಂದರು ಮ್ಯಾನೇಜರು, ಕೋಟಿನ ಗುಂಡಿ ಹಾಕಿಕೊಳ್ಳುತ್ತ. “ನಾಳೆಯಿಂದ ಈ ಕೋಣೆ...”

ಟೀಚರಕ್ಕ ಬಾಗಿಲ ಕಡೆ ತಿರುಗಿದಳು. “ಕೋಣೆ ಇಟ್ಕೊಳ್ಳಿ ಸಾರ್. ಕುರ್ಚೀನೂ ಇಟ್ಕೊಳ್ಳಿ. ಬನ್ರೇ, ಬಿಡುವು ಇನ್ನೂ ಮುಗಿದಿಲ್ಲ. ಯಂತ್ರದ ಹತ್ರಾನೇ ಕೂತು ಕಲಿಯೋಣ.”

“ನಿಲ್ಲಿ, ನಾನು ಒಪ್ಪಿದೀನಿ ಅಂತ ಯಾರು ಹೇಳಿದ್ದು? ನಾನಿನ್ನೂ ಮಾತಾಡ್ತಾ...”

ಟೀಚರಕ್ಕ ಹೊಸ್ತಿಲು ದಾಟಿ, ಸುಮ್ಮನೆ ನಿಂತಿದ್ದ ಯಂತ್ರಗಳ ಸಾಲಿನೊಳಗೆ ನಡೆದಾಗಿತ್ತು.