ಕೈ ನಡುಕ ನಿಂತ ಮೇಲೆ

ರಜೆ ಮುಗಿಸಿ ಶಾಲೆಗೆ ಮರಳುವ ದಿನ ಏನೇನು ಕೆಡಬಹುದು ಎಂಬುದನ್ನು ನಾನು ಒಂದು ವಾರ ಮೊದಲೇ ಯೋಚಿಸಿ ಮುಗಿಸಿದ್ದೆ. ಭಾಲ್ಕಿಯಿಂದ ಔರಾದಿಗೆ ಹೋಗುವ ಬಸ್ಸು ನಡುದಾರಿಯಲ್ಲಿ ನಿಲ್ಲಬಹುದು. ನಿಲ್ಲದಿದ್ದರೆ, ಪಕ್ಕದ ಸೀಟಿನವನು ಬೆಳಿಗ್ಗೆಯೇ ಕುಡಿದು ಬಂದಿರಬಹುದು. ಅವನ ವಾಸನೆ ನನ್ನ ಅಂಗಿಗೆ ಹತ್ತಿ, ಹೆಡ್‌ಮಾಸ್ತರರು ನನ್ನನ್ನೇ ಕುಡುಕನೆಂದು ತಿಳಿಯಬಹುದು. ಬಸ್ ಸ್ಟ್ಯಾಂಡಿನ ಎದುರಿನ ಬ್ರಾಂದಿ ಅಂಗಡಿಯ ಮುಂದೆ ಹಳೆಯ ಗೆಳೆಯರು ನಿಂತು ಕೈ ಮಾಡಬಹುದು. ನನ್ನ ಕೈಯೂ ಮೇಲೇಳಬಹುದು. ಕೈಯ ಹಿಂದೆ ಕಾಲು ಹೋಗಬಹುದು. ಕ್ಲಾಸಿನಲ್ಲಿ ಫಿಟ್ಸ್ ಬರಬಹುದು. ಹಿಂದಿನ ಬೆಂಚಿನಿಂದ ಯಾರಾದರೂ ಬಾಟ್ಲಿಯ ಮುಚ್ಚಳ ತೆರೆದ ಸದ್ದು ಮಾಡಬಹುದು. ದವಾಖಾನೆಯವರು ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟು ಕಳೆಯಬಹುದು; ಅದಕ್ಕಾಗಿ ಮೂರು ಝೆರಾಕ್ಸ್ ಮಾಡಿಸಿ, ಮೂರನ್ನೂ ಒರಿಜಿನಲ್ ಇದ್ದ ಚೀಲದಲ್ಲೇ ಜೋಪಾನವಾಗಿ ಇಟ್ಟಿದ್ದೆ.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ. ಅದು ತಿಳಿಯಬೇಕಾದರೆ ನನ್ನ ಬಲಗೈಯಿಂದ ಶುರು ಮಾಡಬೇಕು.

ನಾನು ಗಣಿತದ ಮಾಸ್ತರ. ಮನೆ ಬೀದರ, ಶಾಲೆ ಔರಾದ. ಬೋರ್ಡಿನ ಮೇಲೆ ಕಂಪಾಸಿಲ್ಲದೆ ದುಂಡನೆಯ ವೃತ್ತ ಎಳೆಯುವುದು ನನಗೆ ಬರುವ ಒಂದೇ ಕಲೆ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಮೊದಲ ಪಿರಿಯಡ್ಡಿನಲ್ಲಿ, ನಾನು ಎಳೆದ ವೃತ್ತ ಬದನೆಕಾಯಿಯಾಯಿತು. ಅಳಿಸಿದೆ. ಮತ್ತೆ ಎಳೆದೆ. ಇನ್ನೊಂದು ಬದನೆಕಾಯಿ.

ಮಕ್ಕಳು ನಗಲಿಲ್ಲ.

ನಕ್ಕಿದ್ದರೆ ಚೆನ್ನಾಗಿತ್ತು. ಅವರು ಸುಮ್ಮನೆ ಕೂತದ್ದು ನೋಡಿ ನನಗೆ ಹೆದರಿಕೆಯಾಯಿತು. ನರದ ರೋಗವಿರಬೇಕು ಎಂದುಕೊಂಡೆ. ಥೈರಾಯ್ಡ್ ನೋಡಿಸಿದೆ, ಶುಗರ್ ನೋಡಿಸಿದೆ, ತಲೆಯಲ್ಲಿ ಗಡ್ಡೆ ಇರಬಹುದೆಂದು ಎರಡು ವಾರ ಹೆಂಡತಿಯೊಡನೆ ಬಹಳ ಮೃದುವಾಗಿ ಮಾತಾಡಿದೆ. ಸಂದೇಹದ ಪಟ್ಟಿಯಲ್ಲಿ ಕುಡಿತ ಮಾತ್ರ ಇರಲಿಲ್ಲ. ಚಿಂತೆ ಹೆಚ್ಚೆಂದೇ ನಾನು ಕುಡಿಯುತ್ತಿದ್ದವನು. ಔಷಧಿಯನ್ನು ಯಾರಾದರೂ ರೋಗಗಳ ಪಟ್ಟಿಯಲ್ಲಿ ಬರೆಯುತ್ತಾರೆಯೇ? ಬರಬರುತ್ತ ಒಂದು ಸಂಗತಿ ಗೊತ್ತಾಯಿತು. ಬೆಳಿಗ್ಗೆ ಎರಡು ಗುಟುಕು ಹೋದರೆ ಕೈ ನಿಲ್ಲುತ್ತದೆ. ಅಂದಿನಿಂದ ನನ್ನ ನೀರಿನ ಬಾಟ್ಲಿಯನ್ನು ನಾನು ಯಾರಿಗೂ ಕೊಡಲಿಲ್ಲ.

ನಮ್ಮದು ಬೌದ್ಧ ಕುಟುಂಬ. ಭಾನುವಾರ ಓಣಿಯ ವಿಹಾರದಲ್ಲಿ ಎಲ್ಲರೂ ಕೂಡಿ ಪಂಚಶೀಲ ಹೇಳುತ್ತೇವೆ. ನನ್ನ ದನಿ ದೊಡ್ಡದು, ಮೇಲೆ ಮಾಸ್ತರಿಕೆ, ಹಾಗಾಗಿ ಮುಂದೆ ನಿಂತು ಹೇಳಿಸುವವನು ನಾನೇ. ಮೊದಲ ನಾಲ್ಕು ಶೀಲಗಳು ಹೊರಗಿನ ರಸ್ತೆಗೂ ಕೇಳುತ್ತಿದ್ದವು. ಐದನೆಯದು ಮದ್ಯ ಮುಟ್ಟುವುದಿಲ್ಲ ಎಂಬ ಮಾತು. ಸರಿಯಾಗಿ ಅಲ್ಲಿಗೆ ನನಗೆ ಕೆಮ್ಮು ಬರುತ್ತಿತ್ತು. ಪ್ರತಿ ಭಾನುವಾರ. ಜನ ಅದನ್ನು ತಾವೇ ಹೇಳಿ ಮುಗಿಸುತ್ತಿದ್ದರು. ಆ ಕೆಮ್ಮಿಗೆಂದು ನಾನು ಎದೆಯ ಎಕ್ಸ್‌-ರೇ ಕೂಡ ತೆಗೆಸಿದ್ದೇನೆ.

ಶಾಲೆಗೆ ತಡ, ನಡುನಡುವೆ ಗೈರು. ಪ್ರಭಾ ನನ್ನ ಹೆಂಡತಿ. ಬೀದರದಲ್ಲೇ ಪ್ರಾಥಮಿಕ ಶಾಲೆಯ ಟೀಚರ್. ಅವಳು ಹೆಡ್‌ಮಾಸ್ತರರಿಗೆ ಫೋನ್ ಮಾಡಿ ನನಗೆ ಜ್ವರ ಎನ್ನುತ್ತಿದ್ದಳು. ಒಬ್ಬ ಮನುಷ್ಯನಿಗೆ ಅಷ್ಟು ಜ್ವರ ಬಂದರೆ ಅವನು ಬದುಕಿರುವುದೇ ಹೆಚ್ಚು. ಹೆಡ್‌ಮಾಸ್ತರರು ಎರಡು ಮೆಮೊ ಕೊಟ್ಟರು. ಮೂರನೆಯದನ್ನು ಕೊಡಲಿಲ್ಲ, ಮೇಲಿನವರಿಗೆ ಹೋಗುವ ರಿಪೋರ್ಟನ್ನೇ ಬರೆದು, ನನಗೆ ತೋರಿಸಿ, ಡ್ರಾವರಿನಲ್ಲಿ ಇಟ್ಟುಕೊಂಡರು. ಇನ್ನೊಂದು ಸಲ ಹೀಗಾದರೆ ಕಳಿಸುತ್ತೇನೆ ಎಂದರು.

ಅದಕ್ಕೂ ನಾನು ಬಿಡಲಿಲ್ಲ. ಬಿಟ್ಟದ್ದು ಮಗಳ ಪ್ರೋಗ್ರೆಸ್ ಕಾರ್ಡಿಗೆ.

ಮೈತ್ರಿ ಆಗ ಒಂಬತ್ತನೆಯ ತರಗತಿ. ಪಾಲಕರ ಸಭೆಗೆ ಹೋದ ಪ್ರಭಾ ಅವಳ ಕಾರ್ಡಿನ ಫೋಟೊ ತೆಗೆದುಕೊಂಡು ಬಂದು ನನ್ನ ಮುಂದೆ ಹಿಡಿದಳು. ಮೂರು ಪರೀಕ್ಷೆ, ಮೂರು ಕಡೆ ನನ್ನ ಸಹಿ. ನಾನು ಆ ಕಾರ್ಡನ್ನು ಕಣ್ಣಿನಿಂದಲೂ ನೋಡಿರಲಿಲ್ಲ.

ಮಗಳು ನನ್ನ ಕೈಯ ನಡುಕವನ್ನೂ ಕಲಿತಿದ್ದಳು.

ಅಕ್ಷರಕ್ಕೆ ಅಕ್ಷರ, ನಡುಕಕ್ಕೆ ನಡುಕ. ಯಾಕೆ ಹೀಗೆ ಮಾಡಿದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಪ್ರಭಾ ಕೇಳಿದಳು. "ಮುಂಜಾನಿ ಕೇಳಿದ್ರ ಪಪ್ಪಾಗ ಕೈ ನಡುಗ್ತದ. ಸಂಜಿಗೆ ಕೇಳಿದ್ರ ಪಪ್ಪಾನೇ ಇರಂಗಿಲ್ಲ," ಅಂದಳು ಮೈತ್ರಿ. ದೂರು ಹೇಳಿದಂತೆಯೂ ಇರಲಿಲ್ಲ. ಬಸ್ಸಿನ ವೇಳೆ ಹೇಳಿದ ಹಾಗಿತ್ತು.

ಮರುದಿನವೇ ನಿಲ್ಲಿಸಿದೆ. ಒಬ್ಬನೇ, ಯಾರಿಗೂ ಹೇಳದೆ, ಮಹಾವೀರನಂತೆ. ಎರಡನೆಯ ದಿನ ಬೆವರು, ನಿದ್ದೆಯಿಲ್ಲ. ಮೂರನೆಯ ಬೆಳಿಗ್ಗೆ ಗೋಡೆಯ ಮೇಲೆ ಇರುವೆಗಳ ಸಾಲು ಕಂಡಿತು. ಪ್ರಭಾಳಿಗೆ ಕಾಣಲಿಲ್ಲ. ಚಹಾದ ಕಪ್ಪು ಎತ್ತಿದ್ದು ನೆನಪಿದೆ.

ಕಣ್ಣು ತೆರೆದಾಗ ದವಾಖಾನೆ.

ಫಿಟ್ಸ್ ಬಂದಿತ್ತಂತೆ. ಇಪ್ಪತ್ತು ವರ್ಷ ಕುಡಿದು ಒಂದು ದಿನವೂ ಬೀಳದವನು, ಬಿಟ್ಟ ಮೂರನೆಯ ದಿನ ಬಿದ್ದಿದ್ದೆ. ಇದೆಂಥ ನ್ಯಾಯ ಎಂದು ನನಗೆ ಸಿಟ್ಟೇ ಬಂತು. ಡಾಕ್ಟರಮ್ಮ ನನಗಿಂತ ಹದಿನೈದು ವರ್ಷ ಚಿಕ್ಕವರು. ದಿನಕ್ಕೆ ಎಷ್ಟು ಕುಡೀತೀರಿ ಎಂದು ಕೇಳಿದರು. ಸ್ವಲ್ಪ ಎಂದೆ.

"ಗಣಿತದ ಮಾಸ್ತರ್ರು ನೀವು. ಸ್ವಲ್ಪ ಅನ್ನೋದು ಯಾವ ಸಂಖ್ಯಾರಿ?"

ಸಂಖ್ಯೆಯನ್ನು ಪ್ರಭಾ ಹೇಳಿದಳು. ನಾನು ಸೀಲಿಂಗ್ ಫ್ಯಾನು ನೋಡುತ್ತ ಮಲಗಿದೆ. ಇಷ್ಟು ವರ್ಷ ಕುಡಿದ ಮೈ ಅದಕ್ಕೆ ಒಗ್ಗಿರುತ್ತದೆ, ಒಮ್ಮೆಲೇ ಕೈಬಿಟ್ಟರೆ ಹೀಗೆ ತಿರುಗಿ ಬೀಳುತ್ತದೆ, ಅದಕ್ಕೇ ಔಷಧಿ ಕೊಟ್ಟು ಕಣ್ಣೆದುರು ಇಟ್ಟುಕೊಂಡು ಬಿಡಿಸಬೇಕಾಗುತ್ತದೆ ಎಂದು ಡಾಕ್ಟರಮ್ಮ ತಿಳಿಸಿದರು. "ಬಿಟ್ಟದ್ದು ಛಲೋ ಮಾಡಿದ್ರಿ. ಒಬ್ಬರೇ ಬಿಟ್ಟದ್ದು ತಪ್ಪು."

ಡಿಅಡಿಕ್ಷನ್ ವಾರ್ಡಿನಲ್ಲಿ ಮೂರು ವಾರ ಇದ್ದೆ. ಲಿವರ್ ಊದಿತ್ತು, ಕೆಟ್ಟಿರಲಿಲ್ಲ. ಥಯಾಮಿನ್ ಎಂಬ ವಿಟಮಿನ್ ಇಂಜೆಕ್ಷನ್, ನಿದ್ದೆ, ಗಂಜಿ, ಮತ್ತೆ ನಿದ್ದೆ. ಚೇತರಿಸಿಕೊಂಡ ಮೇಲೆ ಗ್ರೂಪಿನಲ್ಲಿ ಕೂರಿಸಿದರು. ಪ್ರತಿಯೊಬ್ಬರೂ ತಮ್ಮ ಕಥೆ ಹೇಳಬೇಕು. ನನ್ನ ಸರದಿ ಬಂದಾಗ ಎದ್ದು ನಿಂತು ಕುಡಿತದ ದುಷ್ಪರಿಣಾಮಗಳ ಬಗ್ಗೆ ಚೆನ್ನಾಗಿಯೇ ಮಾತಾಡಿದೆ. ಕೌನ್ಸೆಲರ್ ಹುಡುಗಿ ಪೂರ್ತಿ ಕೇಳಿ, "ಸರ್, ನೀವಿನ್ನೂ ಬೋರ್ಡಿನ ಮುಂದ ನಿಂತೀರಿ. ಬೆಂಚಿನ ಮ್ಯಾಲ ಬಂದು ಕೂಡ್ರಿ," ಎಂದಳು. ಕೂತೆ. ಆ ದಿನ ಕಾರ್ಡಿನ ಕಥೆ ಹೇಳಿದೆ. ಹೇಳಿ ಮುಗಿಸಲು ಆಗಲಿಲ್ಲ.

ಡಿಸ್ಚಾರ್ಜ್ ಆದಾಗ ಪ್ರಭಾ ಒಂದೇ ಮಾತು ಹೇಳಿದಳು. "ಮೊದಲ ಔರಾದಿಗಿ ಹೋಗಿ ಡ್ಯೂಟಿಗಿ ಸೈ ಹಾಕ್ರಿ. ಆಮ್ಯಾಲ ಮನಿಗಿ ಬರ್ರಿ." ರಜೆ ಮುಗಿದು ಹಾಜರಾಗುವವರೆಗೆ, ಗೆಳೆಯರಿಂದ ದೂರವಿರಲೆಂದು, ನನ್ನನ್ನು ಭಾಲ್ಕಿಗೆ ನಮ್ಮ ಅಕ್ಕನ ಮನೆಗೆ ಕಳಿಸಿದರು.

ಸುಶೀಲಕ್ಕ ರಿಟೈರಾದ ನರ್ಸ್. ರಿಟೈರಾದದ್ದು ಸರಕಾರಕ್ಕೆ ಮಾತ್ರ ಗೊತ್ತು. ಕುಡಿದರೆ ಮೈಯೆಲ್ಲ ಉರಿದು ವಾಂತಿಯಾಗುವಂಥ ಒಂದು ಗುಳಿಗೆ ನನಗೆ ದಿನಾ ಬೆಳಿಗ್ಗೆ ಇತ್ತು. ಅಕ್ಕ ಅದನ್ನು ನುಂಗಿಸಿ, ನಾಲಗೆಯ ಕೆಳಗೆ ಅಡಗಿಸಿಲ್ಲವೆಂದು ಟಾರ್ಚ್ ಬಿಟ್ಟು ನೋಡುವಳು.

"ಬಾಯಿ ತೆಗಿ."

"ಅಕ್ಕಾ, ನನಗ ಐವತ್ತು ವರ್ಷ."

"ಐವತ್ತು ವರ್ಷದ ಬಾಯೇ ತೆಗಿ ಅಂತೇನಿ."

ಸಂಡಾಸಿನಿಂದ ಬಂದರೆ ಮೂಸುವಳು, ವಾಕಿಂಗಿನಿಂದ ಬಂದರೆ ಮೂಸುವಳು, ಮಲಗಿದ್ದಾಗ ಬಂದು ಮೂಸಿ ಹೋಗುವಳು. ನಾನು ಕುಡಿಯುತ್ತಿದ್ದಾಗ ಯಾರೂ ನನ್ನ ಇಷ್ಟು ಹತ್ತಿರ ಬರುತ್ತಿರಲಿಲ್ಲ. ಗುಳಿಗೆಯ ಹೆದರಿಕೆಯಿಂದ ನಾನೂ ಕಡಿಮೆಯೇನು ಮಾಡಲಿಲ್ಲ. ಕೆಮ್ಮಿನ ಸಿರಪ್ಪು ಬೇಡ, ಸ್ಯಾನಿಟೈಸರ್ ಬೇಡ, ಸೆಂಟು ಹಾಕಿದವರ ಪಕ್ಕ ಕೂರುವುದು ಬೇಡ. ಒಂದು ದಿನ, ದೋಸೆಹಿಟ್ಟು ಹುಳಿ ಬಂದಿದೆಯಲ್ಲ, ಅದರಲ್ಲೂ ಅಲ್ಕೋಹಾಲ್ ಇರುತ್ತದೆಯೇ ಎಂದು ಕೇಳಿದೆ. ಅಕ್ಕ ಹಂಚಿನ ಮೇಲೆ ಸೌಟು ಇಟ್ಟು ನನ್ನ ಕಡೆ ತಿರುಗಿದಳು.

"ಇಪ್ಪತ್ತು ವರ್ಷ ಬಾಟ್ಲಿ ಎತ್ತುವಾಗ ಈ ಚಿಂತಿ ಎಲ್ಲಿ ಹೋಗಿತ್ತೋ ತಮ್ಮಾ?"

ಬಂದವರೆಲ್ಲ ಒಂದೊಂದು ಬುದ್ಧಿ ಹೇಳಿಯೇ ಹೋಗುತ್ತಿದ್ದರು. ಭಾತಂಬ್ರಾದಿಂದ ಬಂದ ಸೋದರಮಾವ ನಾನು ಬಿಟ್ಟದ್ದನ್ನು ಅರ್ಧ ತಾಸು ಹೊಗಳಿದ. ಹೋಗುವಾಗ ಬಾಗಿಲಲ್ಲಿ ನಿಂತು, ಹಬ್ಬಕ್ಕೆ ಒಂದು ಬಿಯರ್ ನಡೆಯುತ್ತದೆ, ಅದು ಬಾರ್ಲಿ ನೀರಲ್ಲವೇ ಎಂದ. ಅಕ್ಕ ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಎಲ್ಲ ಹೀಗೆ ನಗುವಿನಲ್ಲೇ ಹೋಯಿತು ಎಂದರೆ ಸುಳ್ಳಾಗುತ್ತದೆ. ಒಂದು ಮಧ್ಯಾಹ್ನ ಅಕ್ಕ ಮಲಗಿದ್ದಳು. ನಾನು ಸ್ಟೇಷನ್ ರೋಡಿನವರೆಗೆ ನಡೆದು ಹೋಗಿ ಅಲ್ಲಿಯ ಬ್ರಾಂದಿ ಅಂಗಡಿಯ ಎದುರು ನಿಂತಿದ್ದೆ. ಯಾಕೆ ಹೋದೆನೋ ತಿಳಿಯದು. ಸಿಟ್ಟಿರಲಿಲ್ಲ, ದುಃಖವಿರಲಿಲ್ಲ, ಕಾಲಿಗೆ ದಾರಿ ಗೊತ್ತಿತ್ತು ಅಷ್ಟೆ. ಬಾಯಲ್ಲಿ ನೀರೂರುತ್ತಿತ್ತು. ಗುಳಿಗೆ ಬಿಟ್ಟು ಎಷ್ಟು ದಿನವಾದರೆ ಅದರ ಕೆಲಸ ಮುಗಿಯುತ್ತದೆ, ಇವತ್ತಿನದು ಎಷ್ಟು ಗಂಟೆಗೆ ನುಂಗಿದೆ, ವಾಂತಿ ರಸ್ತೆಯಲ್ಲೇ ಆದರೆ ಏನು ಗತಿ ಎಂದು ಲೆಕ್ಕ ಹಾಕುತ್ತ ನಿಂತೆ. ಲೆಕ್ಕ ಮುಗಿಯಲಿಲ್ಲ. ಪಕ್ಕದ ಕಿರಾಣಿಯವನು ಏನು ಬೇಕೆಂದು ಕೇಳಿದ. ಶೇಂಗಾ ಚಿಕ್ಕಿ ಎಂದೆ. ಒಂದು ಪ್ಯಾಕೆಟನ್ನು ದಾರಿಯಲ್ಲೇ ತಿಂದು ಮುಗಿಸಿದೆ. ನನ್ನನ್ನು ಉಳಿಸಿದ್ದು ಮನೋಬಲವೆಂದು ಹೇಳಿಕೊಳ್ಳಲು ಇಷ್ಟವಿತ್ತು. ಉಳಿಸಿದ್ದು ಹೆದರಿಕೆ. ಇಷ್ಟು ವರ್ಷದಲ್ಲಿ ನನ್ನ ಹೆದರಿಕೆ ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಬಯ್ಯಲಿಲ್ಲ. ಅಂದು ಮೂಸಲೂ ಇಲ್ಲ. ಮರುದಿನದಿಂದ ಮಂಡಿನೋವು ಇಟ್ಟುಕೊಂಡೇ ನನ್ನ ಜೊತೆ ವಾಕಿಂಗಿಗೆ ಬರತೊಡಗಿದಳು. ಆ ಭಾನುವಾರ ಭಾಲ್ಕಿಯ ವಿಹಾರದಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಐದನೆಯ ಶೀಲ ಬಂತು. ಕೆಮ್ಮು ಬರಲಿಲ್ಲ, ನನ್ನ ದೊಡ್ಡ ದನಿ ಬಂತು. ಮುಂದಿನ ಸಾಲಿನಲ್ಲಿದ್ದ ಅಕ್ಕ ಹೊರಳಿ ನೋಡಿದಳು.

ಕೈಯೂ ನಿಂತಿತ್ತು. ಯಾವ ದಿನ ನಿಂತಿತೆಂದು ಗೊತ್ತಾಗಲೇ ಇಲ್ಲ. ಒಂದು ಬೆಳಿಗ್ಗೆ ಬಟ್ಟಲಿನ ಚಹಾ ಬಟ್ಟಲಲ್ಲೇ ಇತ್ತು.

ಹಾಜರಾಗುವ ದಿನ ಅಕ್ಕ ಬುತ್ತಿ ಕಟ್ಟಿಕೊಂಡು ತಾನೂ ಹೊರಟಳು. ಐವತ್ತು ವರ್ಷದ ಮಾಸ್ತರನನ್ನು ಅಕ್ಕ ಶಾಲೆಗೆ ಬಿಡಲು ಬಂದಳೆಂದರೆ ಔರಾದಿನಲ್ಲಿ ಮುಖ ಹೇಗೆ ತೋರಿಸಲಿ ಎಂದೆ. ಇಷ್ಟು ದಿನ ತೋರಿಸಿದ ಮುಖಕ್ಕಿಂತ ಕೆಟ್ಟದೇನೂ ಅಲ್ಲ ಎಂದಳು. ಬಸ್ಸು ಕೆಡಲಿಲ್ಲ. ನಮ್ಮ ಸೀಟಿನಲ್ಲಿ ಮೂರನೆಯವರಾಗಿ ಕೂತದ್ದು ಮೆಂತೆಸೊಪ್ಪಿನ ಗಂಟು ಹಿಡಿದ ಮುದುಕಿ. ಬಸ್ ಸ್ಟ್ಯಾಂಡಿನ ಎದುರು ಗೆಳೆಯರು ಯಾರೂ ನಿಂತಿರಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಅವಮಾನವೇ ಆಯಿತು.

ಹೆಡ್‌ಮಾಸ್ತರರು ಅಕ್ಕನಿಗೆ ಕುರ್ಚಿ ಕೊಟ್ಟರು, ನನಗೆ ಕೊಡಲಿಲ್ಲ. ಸರ್ಟಿಫಿಕೇಟು ಓದಿದರು. ಕ್ಲರ್ಕ್ ಶಿವರಾಜ ಡ್ಯೂಟಿಗೆ ಹಾಜರಾದ ವರದಿಯನ್ನು ನನ್ನ ಮುಂದಿಟ್ಟ. ಸಹಿ ಹಾಕಿದೆ. ಅವನು ಅದನ್ನು ನೋಡಿದ. ಎದ್ದು ಹೋಗಿ ಹಳೆಯ ಹಾಜರಿ ಪುಸ್ತಕ ತಂದ. ಅದನ್ನೂ ನೋಡಿದ.

"ಸರ್, ಇದು ನಿಮ್ಮ ಸೈ ಅಲ್ರಿ."

"ನಿನ್ನ ಮುಂದೇ ಹಾಕೇನಲ್ಲಪ್ಪಾ."

"ಹೌದ್ರಿ, ನಾ ನೋಡೇನಿ. ಆದ್ರ ತಾಳೆ ಆಗಂಗಿಲ್ಲಲ್ರಿ. ಮ್ಯಾಲಿನವರು ವಾಪಸ್ ಕಳಿಸ್ತಾರ. ಜರಾ ಮೊದಲಿನಂಗ ಹಾಕ್ರಿ."

ಮೊದಲಿನಂತೆ! ಹಾಜರಿ ಪುಸ್ತಕದ ಸಹಿಗಳನ್ನು ನೋಡಿದೆ. ಮೂರು ವರ್ಷದಿಂದ ಒಂದರ ಕೆಳಗೊಂದು, ಕಾಲು ಮುರಿದ ಇರುವೆಗಳ ಸಾಲು. ಇನ್ನೊಂದು ಕಾಗದದ ಮೇಲೆ ಹಾಗೆಯೇ ಹಾಕಲು ನೋಡಿದೆ. ಬರಲಿಲ್ಲ. ಬೇಕೆಂದೇ ಕೈ ಅಲುಗಿಸಿದೆ. ಅಲೆ ಬಂತು, ನಡುಕ ಬರಲಿಲ್ಲ. ನನ್ನ ಮಗಳಿಗೆ ಬಂದ ನಡುಕ ನನಗೆ ಬರಲಿಲ್ಲ. ಹತ್ತರೊಳಗೆ ಹಾಜರಾಗಬೇಕು, ಹತ್ತು ಹೊಡೆಯಲು ಐದು ನಿಮಿಷವಿತ್ತು, ನೌಕರಿ ಆ ಡ್ರಾವರಿನಲ್ಲಿತ್ತು, ಮನೆ ನೌಕರಿಯ ಹಿಂದಿತ್ತು.

ಕುರ್ಚಿಯಲ್ಲಿದ್ದ ಅಕ್ಕ ಬುತ್ತಿಚೀಲವನ್ನು ಮೇಜಿನ ಮೇಲೆ ಇಟ್ಟಳು. "ಏನ್ರಿ ಕ್ಲರ್ಕ್ ಸಾಹೇಬ್ರ, ಮತ್ತ ಕುಡಿಸ್ಕೊಂಡು ಕರ್ಕೊಂಡು ಬರ್ಲೇನು?"

ಹೆಡ್‌ಮಾಸ್ತರರು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಸರ್ವಿಸ್ ರಜಿಸ್ಟರ್ ತರಲು ಹೇಳಿದರು. ಮೊದಲ ಪುಟ ತೆಗೆದರು. ನೌಕರಿಗೆ ಸೇರಿದ ದಿನದ ಸಹಿ ಅಲ್ಲಿತ್ತು, ಮಸಿ ಸ್ವಲ್ಪ ಮಾಸಿತ್ತು. ಶಿವರಾಜ ಎರಡನ್ನೂ ಪಕ್ಕಪಕ್ಕ ಇಟ್ಟು, ಹೊಂದುತ್ತದೆ, ಬಾಲ ಮಾತ್ರ ಜರಾ ಉದ್ದವಾಗಿದೆ ಎಂದ. ಆದರೂ ದಾಖಲೆಗೆ ಹೊಸದಾಗಿ ಮಾದರಿ ಸಹಿ ಬೇಕು, ಬಿಳಿ ಹಾಳೆಯ ಮೇಲೆ ಹತ್ತು ಸಲ ಹಾಕಬೇಕು ಎಂದ. ತಪ್ಪು ಬರೆದ ಮಕ್ಕಳಿಗೆ ನಾನು ಕೊಡುವ ಶಿಕ್ಷೆಯೂ ಅದೇ. ನಿಂತುಕೊಂಡೇ ಬರೆದೆ. ಎಂಟನೆಯದರಲ್ಲಿ, ಕೈ ಮತ್ತೆ ನಡುಗಿದರೆ ಎಂಬ ಯೋಚನೆ ಬಂತು, ಕೈ ನಡುಗಿತು. ಶಿವರಾಜ ಅದನ್ನು ಹೊಡೆದುಹಾಕಿ ಹನ್ನೊಂದನೆಯದಕ್ಕೆ ಜಾಗ ತೋರಿಸಿದ. ಹೆಡ್‌ಮಾಸ್ತರರು ಕೆಳಗೆ ಸೀಲು ಒತ್ತಿದರು. ಡ್ರಾವರಿನಲ್ಲಿದ್ದ ರಿಪೋರ್ಟನ್ನು ಹರಿಯಲಿಲ್ಲ. ನಾನೂ ಕೇಳಲಿಲ್ಲ.

ಮಧ್ಯಾಹ್ನ ಅಕ್ಕನ ರೊಟ್ಟಿ ತಿಂದು ಬೀದರಕ್ಕೆ ಫೋನ್ ಮಾಡಿದೆ; ಅಂದು ತಾಯಿ ಮಗಳು ಇಬ್ಬರೂ ರಜೆ ಹಾಕಿ ಮನೆಯಲ್ಲೇ ಇದ್ದರು. ಪ್ರಭಾ ಎಲ್ಲ ಕೇಳಿದಳು. ಆಮೇಲೆ ಊಟ ಆಯಿತೇ ಎಂದು ಕೇಳಿ ಫೋನನ್ನು ಮೈತ್ರಿಗೆ ಕೊಟ್ಟಳು.

"ಪಪ್ಪಾ, ಹೊಸಾ ಸೈದು ಒಂದು ಫೋಟೊ ಕಳ್ಸು. ನಾ ಮತ್ತ ಪ್ರಾಕ್ಟೀಸ್ ಮಾಡಬೇಕಲ್ಲ."

"ಬ್ಯಾಡವ್ವಾ. ಕಾರ್ಡ್ ತೆಗೆದಿಡು. ಸಂಜಿಗೆ ಬಂದು ನಾನೇ ಹಾಕ್ತೇನಿ."

"ನೋಡೂಣು," ಅಂದಳು.