ಸೀಳದೆ ಬಿಟ್ಟ ಬಂಡೆ

ನನ್ನ ಬರೆಯುವ ಮೇಜಿನ ಮೇಲೆ ಗೇಣಿಗಿಂತ ಗಿಡ್ಡದಾದ ಕಬ್ಬಿಣದ ಬೆಣೆಯೊಂದಿದೆ. ಸುತ್ತಿಗೆಯ ಪೆಟ್ಟು ತಿಂದು ತಿಂದು ಅದರ ತಲೆ ಅಣಬೆಯಂತೆ ಅರಳಿದೆ. ಚಿಕ್ಕಮಗಳೂರಿನ ಗಾಳಿ ಕಿಟಕಿಯಿಂದ ನುಗ್ಗಿದಾಗ ನನ್ನ ಹಾಳೆಗಳನ್ನು ಹಾರದಂತೆ ಅದುಮಿಡುವುದೇ ಈಗ ಅದರ ಉದ್ಯೋಗ. ಗಾಜಿನ ಗುಂಡನ್ನೋ ಪಿಂಗಾಣಿಯ ಕುದುರೆಯನ್ನೋ ಇಟ್ಟುಕೊಳ್ಳಬೇಕಾದ ಉಪಾಧ್ಯಾಯರ ಮೇಜಿನ ಮೇಲೆ ಇದೇಕೆಂದು ಬಂದವರು ಕೇಳುವುದುಂಟು. ನಾನು ಮಾತು ಮರೆಸುವುದುಂಟು. ಮಿತ್ರರೇ, ಈ ದಿನ ನಿಮ್ಮೆದುರು ಮರೆಸುವುದಿಲ್ಲ.

ಬೆಣೆ ನನ್ನ ತಂದೆಯದು. ಜಾವಳಿಯ ಕಡೆಯ ಕಾಫಿ ಎಸ್ಟೇಟುಗಳಲ್ಲಿ ಅವರು ಕಲ್ಲು ಸೀಳುವವರು. ಬಂಡೆಯ ಬೆನ್ನ ಮೇಲೆ ಸಾಲಾಗಿ ಗುಳಿ ತೋಡಿ, ಗುಳಿಗೊಂದು ಬೆಣೆಯಿಟ್ಟು, ಈ ತುದಿಯಿಂದ ಆ ತುದಿಗೆ ಸರದಿಯಂತೆ ಒಂದೊಂದೇ ಪೆಟ್ಟು ಹಾಕುತ್ತ ಹೋದರೆ, ಬಂಡೆ ಕೊನೆಗೊಮ್ಮೆ ನಿಟ್ಟುಸಿರಿಟ್ಟಂತೆ ಎರಡಾಗುತ್ತದೆ. ಕಾಫಿ ಒಣಗಿಸುವ ಕಣಗಳ ಚಪ್ಪಡಿಗಳೂ ಬಂಗಲೆಗಳ ಮೆಟ್ಟಿಲುಗಳೂ ಹಾಗೆ ಹುಟ್ಟಿದವು; ನನ್ನ ಬಿ.ಎ. ಪದವಿಯೂ ಹಾಗೆಯೇ ಹುಟ್ಟಿತು. ನಮ್ಮ ಮನೆತನದಲ್ಲಿ ಅಕ್ಷರ ಕಲಿತವರಲ್ಲಿ ನಾನೇ ಮೊದಲಿಗ. ಆದುದರಿಂದಲೇ ಬಾಯಿ ತೆರೆಯುವ ಮುನ್ನ ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಎರಡು ಬಾರಿ ತಿದ್ದಿಕೊಳ್ಳುವ ಅಭ್ಯಾಸ ನನಗೆ ಅಂಟಿಕೊಂಡಿದೆ.

ಕೆಲಸ ದೊರೆತ ವರ್ಷದ ಬೇಸಗೆಯಲ್ಲಿ ಅಪ್ಪನನ್ನು ಹಂಪೆಗೆ ಕರೆದೊಯ್ದೆ. ಬೀರೂರಿನಲ್ಲಿ ರೈಲು ಹತ್ತಿ, ಹೊಸಪೇಟೆಯಲ್ಲಿಳಿದು, ಎತ್ತಿನ ಗಾಡಿಯಲ್ಲಿ ಸಾಗಿದೆವು. ಪಠ್ಯಪುಸ್ತಕದಲ್ಲಿ ನಾನು ಕಂಡಿದ್ದ ಹಂಪೆ ಸತ್ತ ನಗರ. ಕಣ್ಣೆದುರಿಗೆ ಬಂದ ಹಂಪೆಗೆ ಸಾಯಲು ಪುರಸೊತ್ತೇ ಇದ್ದಂತಿರಲಿಲ್ಲ. ಹಳೆಯ ಪೇಟೆಯ ಸಾಲುಮಂಟಪದೊಳಗೆ ಒಬ್ಬಾಕೆ ರೊಟ್ಟಿ ತಟ್ಟುತ್ತಿದ್ದಳು. ಕೆತ್ತನೆಯ ಕಂಬಕ್ಕೆ ಕಟ್ಟಿದ್ದ ಕರು ಕಲ್ಲಿನ ನರ್ತಕಿಯ ಪಾದವನ್ನು ನೆಕ್ಕುತ್ತಿತ್ತು. ರಾಯರ ಕಾಲದ ಕಾಲುವೆ ಇನ್ನೂ ಬಾಳೆಗೆ ನೀರುಣಿಸುತ್ತಿತ್ತು. ಅಪ್ಪ ಹೊಳೆಗಿಳಿದು ಮುಖ ತೊಳೆದು, ಇದು ನಮ್ಮ ಕಳಸದಿಂದ ಬಂದ ನೀರಲ್ಲವೇ ಎಂದು ಕೇಳಿದರು. ಕಳಸದ ಭದ್ರೆಯು ಕೂಡಲಿಯಲ್ಲಿ ತುಂಗೆಯನ್ನು ಸೇರಿ ಇಲ್ಲಿಗೆ ಹರಿದುಬರುವುದೆಂದು ನಾನು ಭೂಗೋಳದ ಪಾಠದಂತೆ ವಿವರಿಸಿದೆ. ಅವರು ಊರಿನವರನ್ನು ಪರಸ್ಥಳದಲ್ಲಿ ಕಂಡಂತೆ ನಕ್ಕು ಒಂದು ಚೊಂಬು ತುಂಬಿಕೊಂಡರು.

ಹೊಳೆಯಿಂದ ಮೇಲೆ ಬರುವ ದಾರಿಯಲ್ಲಿ ದೊಡ್ಡ ಬಂಡೆಯೊಂದಿತ್ತು. ಅದರ ಬೆನ್ನ ಮೇಲೆ ಗುಳಿಗಳ ಸಾಲಿತ್ತು. ಸೀಳು ಮಾತ್ರ ಇರಲಿಲ್ಲ. ಜರಿಪೇಟದ ವಕೀಲರೊಬ್ಬರು ಅದರ ಮುಂದೆ ನಿಂತು ತಮ್ಮ ನೆಂಟರಿಗೆ ಚರಿತ್ರೆ ಹೇಳುತ್ತಿದ್ದರು: ವೈರಿಯ ಸೇನೆ ಬಂತೆಂಬ ಸುದ್ದಿ ಕೇಳಿ ಕೆಲಸಗಾರರು ಸುತ್ತಿಗೆ ಬಿಸುಟು ಓಡಿದರಂತೆ; ಸಾಮ್ರಾಜ್ಯದ ಕೊನೆಯ ಗಳಿಗೆ ಈ ಕಲ್ಲಿನಲ್ಲಿ ಹೆಪ್ಪುಗಟ್ಟಿದೆಯಂತೆ. ಹೆಂಗಸರು ಕಣ್ಣೊರೆಸಿಕೊಂಡರು. ನಾನೂ ತಲೆದೂಗಿದೆ.

ಅಪ್ಪ ಬಂಡೆಯನ್ನೊಮ್ಮೆ ಸುತ್ತಿ ಬಂದರು. ಗುಳಿಗಳ ನಡುವಣ ಅಂತರವನ್ನು ಬೆರಳಿನಿಂದ ಅಳೆದರು. ಬಳಿಕ, ಯಾರ ಅಪ್ಪಣೆಯನ್ನೂ ಕೇಳದೆ, ಚೊಂಬಿನ ನೀರನ್ನು ಬಂಡೆಯ ಮೇಲೆ ಸುರಿದು ಕಾದರು. ಬಿಸಿಲಿಗೆ ಕಲ್ಲು ಕ್ಷಣಮಾತ್ರದಲ್ಲಿ ಆರಿತು. ಆದರೆ ಗುಳಿಗಳ ಸಾಲನ್ನು ಓರೆಯಾಗಿ ಹಾದುಹೋಗುವ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಆರದೆ ಕಪ್ಪಗೆ ಉಳಿಯಿತು.

“ಓಡಿಹೋದವ್ರು ಬಿಟ್ಟಿದ್ದಲ್ಲ ಬುದ್ಧಿ ಇದು,” ಎಂದರು ಅಪ್ಪ, ವಕೀಲರಿಗೆ. “ಒಳಗೆ ಬಿರುಕುಂಟು ನೋಡಿ. ಬೆಣೆ ಹೊಡೆದ್ರೆ ಓರೆ ಸೀಳುತ್ತೆ. ಅದ್ಕೇ ಕಲ್ಲಿನವ ಇದನ್ನ ಬಿಟ್ಟು ಪಕ್ಕದ್ದಕ್ಕೆ ಹೋಗಿದಾನೆ.”

ಪಕ್ಕದಲ್ಲಿ ಅಚ್ಚುಕಟ್ಟಾಗಿ ಸೀಳಿದ ಇನ್ನೊಂದು ಬಂಡೆಯಿತ್ತು. ಅದರ ಅಂಚಿನಲ್ಲಿ ಅದೇ ಅಳತೆಯ ಅರ್ಧಗುಳಿಗಳಿದ್ದವು.

ವಕೀಲರು ಅಪ್ಪನನ್ನು ಬಿಟ್ಟು ನನ್ನತ್ತ ತಿರುಗಿ, ಇವರಾರೆಂದು ವಿಚಾರಿಸಿದರು. ನಮ್ಮ ತಂದೆಯವರೆಂದೆ. ಹಾಗಾದರೆ ಓದಿದವರಾದ ನೀವೇ ಹೇಳಿ, ಯಾವುದು ಚರಿತ್ರೆ, ಎಂದರು. ತಂದೆಯೆಂದು ಹೇಳುವ ಧೈರ್ಯ ನನಗಿತ್ತು. ತಂದೆ ಹೇಳಿದ್ದು ಸರಿಯೆನ್ನುವ ಧೈರ್ಯ ಇರಲಿಲ್ಲ. ತಾವು ಹೇಳಿದ್ದೇ ಇದ್ದೀತು ಎಂದುಬಿಟ್ಟೆ. ಅಪ್ಪ ಖಾಲಿ ಚೊಂಬನ್ನು ಎತ್ತಿಕೊಂಡರು. ಹಿಂದಿರುಗುವಾಗ ಗಾಡಿಯಲ್ಲಿ ಅವರು ಕೇಳಿದ್ದು ಒಂದೇ ಮಾತು: “ಪರೀಕ್ಷೇಲೂ ಹೀಗೇ ಬರೆದು ಪಾಸಾದ್ಯಾ ಮಾರಾಯ?”

ಊರಿಗೆ ಬಂದು ಪ್ರಬಂಧ ಬರೆದೆ. ಅದರಲ್ಲಿ ಕೆಲಸಗಾರರು ವಕೀಲರ ಮಾತಿನಂತೆಯೇ ಸುತ್ತಿಗೆ ಬಿಸುಟು ಓಡಿದರು. ಸ್ನೇಹಿತರ ಕೂಟದಲ್ಲಿ ಓದಿದಾಗ ಚಪ್ಪಾಳೆ ಬಿದ್ದಿತು. ಪತ್ರಿಕೆಯೊಂದರ ಸಂಪಾದಕರು ಅಚ್ಚು ಹಾಕುವುದಾಗಿ ಮಾತು ಕೊಟ್ಟರು. ಆ ಹಿಗ್ಗಿನಲ್ಲಿ ಜಾವಳಿಗೆ ಹೋಗಿ ಅಪ್ಪನಿಗೂ ಓದಿ ಹೇಳಿದೆ. ಕೊನೆಯವರೆಗೆ ಕೇಳಿ, ಬಹಳ ಚೆನ್ನಾಗಿದೆ ಎಂದರು. ಬಳಿಕ, “ಆ ಕಲ್ಲಿನವ ನಾನೇ ಆಗಿದ್ರೂ ಹೆದರಿ ಓಡಿದ ಅಂತ್ಲೇ ಬರೀತಿದ್ಯಾ?” ಎಂದರು.

ಅಂದಿನಿಂದ ಆ ಅಪರಿಚಿತ ಕಲ್ಲುಕುಟಿಗ ನನ್ನನ್ನು ಬಿಟ್ಟಿಲ್ಲ. ನಗರಗಳು ಬಿದ್ದ ದಿನವೆಂದರೆ ನಮಗೆ ಏಕೆ ಇಷ್ಟು ರುಚಿ? ಒಂದು ದಿನದ ಬೆಂಕಿ, ನೂರಾರು ವರ್ಷಗಳ ಬೆಳಗುಗಳನ್ನೆಲ್ಲ ನುಂಗಿಬಿಡಬೇಕೇ? ಯಾವ ಸೇನೆಯೂ ಬಾರದ, ಯಾವ ಗ್ರಂಥದಲ್ಲಿಯೂ ಬರೆಯದ ಒಂದು ಮಾಮೂಲು ಮುಂಜಾನೆ ಆತ ಕಲ್ಲಿಗೆ ನೀರೆರೆದು, ಕಪ್ಪು ಗೆರೆಯನ್ನು ಕಂಡು, ತೋಡಿದ ಗುಳಿಗಳ ಶ್ರಮ ವ್ಯರ್ಥವಾಯಿತಲ್ಲಾ ಎಂದು ಬೈದುಕೊಂಡು, ಪಕ್ಕದ ಬಂಡೆಗೆ ನಡೆದ. ತಪ್ಪಿದ್ದನ್ನು ಒಪ್ಪಿಕೊಂಡು ಮತ್ತೆ ಮೊದಲಿನಿಂದ ತೋಡಿದ. ನಗರವನ್ನು ಕಟ್ಟಿದ್ದು ಆ ಪಕ್ಕದ ಬಂಡೆ. ಅವನನ್ನು ನಾನು ಹೇಡಿಯೆಂದು ಬರೆದೆ, ಕೇಳಿದವರು ಚಪ್ಪಾಳೆ ತಟ್ಟಿದರು.

ಪ್ರಬಂಧವನ್ನು ತಿದ್ದಿದ್ದೇನೆಂದು ತಿಳಿಸಿದಾಗ ಸಂಪಾದಕರು ಸೌಜನ್ಯದಿಂದಲೇ ಉತ್ತರ ಬರೆದರು: ಓದುಗರ ಹೃದಯ ಕರಗುವ ಸ್ಥಳವೇ ಅದು, ವಿದ್ವಾಂಸರ ಮಾತಿಗೆದುರಾಗಿ ಓದುಬರಹವಿಲ್ಲದ ಹಿರಿಯರೊಬ್ಬರ ಊಹೆಯನ್ನು ನಿಲ್ಲಿಸುವುದು ಪದವೀಧರರಿಗೆ ಶೋಭಿಸದು. ಅವರಿಗೆ ನನ್ನ ಉತ್ತರವಿದು: ಮಾನ್ಯರೇ, ಅದು ಊಹೆಯಲ್ಲ. ನೀರು ಸುರಿದು, ಕಾದು, ನೋಡಿ ಹೇಳಿದ ಮಾತು. ನನಗೆ ಪದವಿ ಕೊಟ್ಟವರು ವಿದ್ಯೆಯೆಂದರೆ ಅದೇ ಎಂದು ಹೇಳಿದ್ದರು. ಮಾಡಿ ತೋರಿಸಿದವರನ್ನು ನಾನು ಕಂಡದ್ದು ಹಂಪೆಯಲ್ಲಿ.

ಹೊಸ ಪ್ರತಿಯನ್ನು ಈ ಟಪಾಲಿನಲ್ಲಿ ಕಳುಹಿಸುತ್ತಿದ್ದೇನೆ. ಆ ಬಂಡೆಯೊಂದನ್ನು ತೆಗೆದು ಉಳಿದದ್ದನ್ನು ಅಚ್ಚು ಹಾಕುವುದಾದರೆ, ದಯವಿಟ್ಟು ಇಡೀ ಕಟ್ಟನ್ನೇ ಹಿಂದಕ್ಕೆ ಕಳುಹಿಸಿ. ಎಷ್ಟೇ ಗಾಳಿ ಬೀಸಲಿ, ಅದನ್ನು ಹಾರಿಹೋಗದಂತೆ ಹಿಡಿದಿಡಲು ನನ್ನ ಮೇಜಿನ ಮೇಲೆ ನಮ್ಮ ತಂದೆಯವರ ಬೆಣೆಯಿದೆ.