ಮೇಜಿನ ಮೇಲಿಟ್ಟ ಬೀಗದ ಕೈ

ನಮ್ಮ ಗ್ರಾಮ ಪಂಚಾಯಿತಿಯ ಹೊಸ ಅಧ್ಯಕ್ಷೆಗೆ ಅಧಿಕಾರ ಹಸ್ತಾಂತರ ಬೆಳಿಗ್ಗೆ ಹತ್ತಕ್ಕೆ ಎಂದು ಆಹ್ವಾನ ಪತ್ರಿಕೆಯಲ್ಲಿತ್ತು. ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹೋದೆ. ಕಸ ಗುಡಿಸುವ ಹೆಂಗಸೊಬ್ಬಳು ಇದ್ದಳು. ಮಿಕ್ಕವರು ಹನ್ನೆರಡಕ್ಕೆ, ಸೂಲಿಬೆಲೆಯಿಂದ ಹಾರ ಬಂದ ಮೇಲೆ ಬಂದರು.

ನಿವೃತ್ತ ಮೇಷ್ಟ್ರೆಂದು ನನಗೆ ಎರಡು ನಿಮಿಷ ಮಾತನಾಡಲು ಹೇಳಿದ್ದರು. ಹಸ್ತಾಂತರ ಎಂಬ ಪದದ ಅರ್ಥವನ್ನೇ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಸಂಸ್ಕೃತದಲ್ಲಿ ಹಸ್ತ ಎಂದರೆ ಕೈ. ಅಂತರ ಎಂದರೆ ಇಲ್ಲಿ ದೂರವಲ್ಲ, ಬೇರೆಯದು. ದೇಶಾಂತರ ಹೋದವನು ಬೇರೆ ದೇಶ ಸೇರುವಂತೆ, ಹಸ್ತಾಂತರವಾದದ್ದು ಬೇರೆ ಕೈ ಸೇರುತ್ತದೆ. ಒಂದೂಮುಕ್ಕಾಲು ನಿಮಿಷಕ್ಕೆ ಮುಗಿಸಿದೆ. ಚಪ್ಪಾಳೆ ಬಿತ್ತು, ಬಹುಶಃ ಮುಗಿಸಿದ್ದಕ್ಕೆ.

ಹೊಸ ಅಧ್ಯಕ್ಷೆ ನನ್ನ ಹಳೆಯ ವಿದ್ಯಾರ್ಥಿನಿ. ಆಕೆಗಿಂತ ಹಿಂದೆ ಮೀಸಲಾತಿಯಲ್ಲಿ ಬಂದ ಇಬ್ಬರು ಅಧ್ಯಕ್ಷೆಯರು ಅಧ್ಯಕ್ಷರ ಕೊಠಡಿಯಲ್ಲಿ ಕೂತದ್ದನ್ನು ಊರು ನೋಡಿರಲಿಲ್ಲ. ಬೀಗದ ಕೈ ಗಂಡಂದಿರ ಜೇಬಿನಲ್ಲಿರುತ್ತಿತ್ತು. ಕಾಗದಗಳು ಸಹಿಗೆಂದು ಅಡುಗೆಮನೆಗೆ ಹೋಗಿ ಬರುತ್ತಿದ್ದವು. ಈಕೆ ಗೆದ್ದ ದಿನವೇ ನಮ್ಮ ಮನೆಗೆ ಬಂದು, "ನಾನು ದಿನಾ ಆಫೀಸಲ್ಲೇ ಕೂತ್ಕೋಬೇಕು ಅಂತಿದೀನಿ ಸಾ" ಎಂದಿದ್ದಳು.

ಭಾಷಣಗಳು ಮುಗಿದವು. ಮಾಜಿ ಅಧ್ಯಕ್ಷರು, ಆ ಇಬ್ಬರ ನಂತರ ಬಂದಿದ್ದ ಯಜಮಾನರು, ಕೊಠಡಿಯ ಬೀಗದ ಕೈ ತೆಗೆದರು. ಆಕೆ ಕೈ ಚಾಚಿದಳು. ಅವರು ಹಿಂದೆ ಸರಿದರು.

"ಕೈಯಿಂದ ಕೈಗೆ ಬ್ಯಾಡಮ್ಮ, ಜಗಳ ಆಯ್ತದೆ" ಎಂದು ಮೇಜಿನ ಮೇಲಿಟ್ಟರು.

ನಮ್ಮ ಕಡೆ ಉಪ್ಪು, ಮೆಣಸಿನಕಾಯಿ ಕೊಡುವಾಗ ಪಾಲಿಸುವ ನಿಯಮವಿದು. ಅವರು ಅದನ್ನು ಸರ್ಕಾರಿ ಬೀಗಕ್ಕೂ ವಿಸ್ತರಿಸಿದರು. ನನ್ನ ಭಾಷಣದ ಬಿಸಿ ಇನ್ನೂ ಆರಿರಲಿಲ್ಲ.

ಆಕೆ ಮೇಜಿನತ್ತ ಬಾಗುವಷ್ಟರಲ್ಲಿ ಪಕ್ಕದಲ್ಲಿದ್ದ ಗಂಡ ಅದನ್ನೆತ್ತಿ ಅಂಗಿಯ ಜೇಬಿಗೆ ಇಳಿಸಿದ. ಫೋಟೊದವನು ಅದನ್ನೂ ತೆಗೆದ.

"ನಿನ್ ಹತ್ರ ಇದ್ರೆ ಕಳ್ದೋಗ್ತದೆ ಕಣೇ. ನಾನ್ ಇಟ್ಕೊಂಡಿರ್ತೀನಿ."

"ಮನೆ ಬೀಗ, ಬೀರು ಬೀಗ ಎಲ್ಲಾ ನನ್ ಸೊಂಟದಲ್ಲೇ ಐತೆ. ಇವತ್ತಿನವರ್ಗೂ ಯಾವ್ದು ಕಳ್ದೈತೆ ಹೇಳಿ?"

ಹಿಂದಿನ ಸಾಲಿನಿಂದ ಯಾರೋ, "ದಿನಾ ನಿನ್ ಗಾಡಿ ಕೀ ಹುಡುಕ್ಕೊಡೋದೂ ನಮ್ಮಕ್ಕನೇ ಅಲ್ವಾ ಗುರು!" ಎಂದು ಕೂಗಿದ. ಸಭೆ ನಕ್ಕಿತು. ಗಂಡ ಮುಖ ಸಣ್ಣದು ಮಾಡಿಕೊಂಡು ಬೀಗದ ಕೈ ಹೊರತೆಗೆದು ಆಕೆಯತ್ತ ಚಾಚಿದ.

ಆಕೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಮೇಜಿನ ಮೇಲಿಡಿ. ಕೈಯಿಂದ ಕೈಗೆ ಆದ್ರೆ ಜಗಳ ಆಯ್ತದಂತೆ."

ಇಟ್ಟ. ಮಾಜಿ ಅಧ್ಯಕ್ಷರು ಹೌದೆಂದು ತಲೆಯಾಡಿಸಿದರು. ಅವರಿಗೆ ಶಾಸ್ತ್ರ ನಡೆದರೆ ಸಾಕು. ಆಕೆ ಬೀಗದ ಕೈ ಎತ್ತಿಕೊಂಡು ಕೊಠಡಿ ತೆರೆದಳು. ಕುರ್ಚಿಗೆ ಹೊದಿಸಿದ್ದ ಟವೆಲ್ ಕಿತ್ತು ಗಂಡನಿಗೆ ಕೊಟ್ಟಳು. ಅದನ್ನು ಮಾತ್ರ ಕೈಯಿಂದ ಕೈಗೇ ಕೊಟ್ಟಳು.

ಮರುದಿನ ಹತ್ತಕ್ಕೆ ಐದು ನಿಮಿಷ ಇರುವಾಗ ಆ ದಾರಿಯಲ್ಲಿ ಹೋದೆ. ಕೊಠಡಿ ಆಗಲೇ ತೆರೆದಿತ್ತು. ಗಂಡ ಹೊರಗಿನ ಬೆಂಚಿನ ಮೇಲೆ, ಅರ್ಜಿ ಹಿಡಿದವರ ನಡುವೆ ಕೂತಿದ್ದ.